ಬೈಗುಳದಲ್ಲಿ ಪಾಠ ಎಲ್ಲಿದೆ?

ತಾಲ್ಲೂಕು ಮಟ್ಟದ ಯಾವುದಾದರೂ ಬ್ಯಾಸ್ಕೆಟ್‌ಬಾಲ್ ಪಂದ್ಯದ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಕಣ್ಣು ಅಂಕಣದ ಮೇಲಿರಲಿ, ಕಿವಿ ಕೋಚ್ ಕಡೆಗಿರಲಿ. ‘ಏಯ್, ತಲೆ ಇದೆಯೇನೋ ನಿಂಗೆ?’ ‘ಎಷ್ಟು ಸಲ ಬಡ್ಕೊಳ್ಳೋದು?’ ‘ಬಾರೋ ಆಚೆ, ಆಡಿದ್ದು ಸಾಕು.’ ಈ ಮಾತು ಕೇಳಿಸಿಕೊಂಡ ಹುಡುಗನಿಗೆ ಹನ್ನೆರಡೋ ಹದಿಮೂರೋ ವಯಸ್ಸು. ಚೆಂಡು ಕೈಜಾರಿದ್ದು ಎಲ್ಲರಿಗಿಂತ ಮೊದಲು ಗೊತ್ತಾಗಿದ್ದೇ ಅವನಿಗೆ. ಯಾಕೆ ಜಾರಿತು, ಮುಂದಿನ ಸಲ ಏನು ಮಾಡಬೇಕು ಎಂಬುದಷ್ಟೇ ಗೊತ್ತಿಲ್ಲ. ಕೋಚ್ ಆಡಿದ ಮೂರು ಮಾತುಗಳಲ್ಲಿ ಅದಕ್ಕೆ ಉತ್ತರ ಇಲ್ಲ.

ಮಕ್ಕಳ ಮೇಲೆ ಕೂಗಾಡಬಾರದು ಎನ್ನುವವರು ಸಾಮಾನ್ಯವಾಗಿ ಕರುಣೆಯ ಕಡೆಯಿಂದ ವಾದ ಹೂಡುತ್ತಾರೆ. ಪಾಪ, ಮಗುವಿನ ಮನಸ್ಸು ನೋಯುತ್ತದೆ ಎನ್ನುತ್ತಾರೆ. ಮಾತು ಸರಿಯೇ, ಆದರೆ ಕೋಚ್‌ಗಳ ಮುಂದೆ ಅದು ನಿಲ್ಲುವುದಿಲ್ಲ. ‘ನೋಯಲಿ ಬಿಡಿ, ಗಟ್ಟಿಯಾಗ್ತಾನೆ’ ಎಂಬ ಉತ್ತರ ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ದಂಡಂ ದಶಗುಣಂ ಎಂದು ಕೇಳುತ್ತಲೇ ಬೆಳೆದ ತಂದೆತಾಯಿಗಳೂ ಅದಕ್ಕೆ ತಲೆಯಾಡಿಸುತ್ತಾರೆ. ಆದ್ದರಿಂದ ನಾನು ಬೇರೆ ಕಡೆಯಿಂದ ಹೊರಡುತ್ತೇನೆ. ಬೈಗುಳ ಕಹಿಯಾಗಿದೆ ಎಂಬುದು ಚಿಕ್ಕ ತಕರಾರು. ಅದರಲ್ಲಿ ಕಲಿಯಲು ಏನೂ ಇಲ್ಲ ಎಂಬುದು ದೊಡ್ಡದು. ಇದೇ ತಕರಾರು ಹೊಗಳಿಕೆಯ ಮೇಲೂ ಇದೆ. ನಗರದ ಬೇಸಿಗೆ ಶಿಬಿರಗಳಲ್ಲಿ ಈಗ ‘ಸೂಪರ್’, ‘ವೆರಿ ಗುಡ್’ಗಳ ಮಳೆ. ಚೆಂಡು ರಿಂಗಿಗೆ ಬಿದ್ದರೂ ಸೂಪರ್, ಗೋಡೆಗೆ ಬಿದ್ದರೂ ಸೂಪರ್. ಸಕಾರಾತ್ಮಕ ತರಬೇತಿ ಎಂದರೆ ಇದೇ ಎಂದು ನಂಬಿರುವ ಶಾಲೆಗಳಿವೆ, ಅದಕ್ಕೆ ಶುಲ್ಕ ಕಟ್ಟುವ ಪೋಷಕರಿದ್ದಾರೆ.

ಈ ಗೊಂದಲ ಬಿಡಿಸಲು ಅರ್ಧ ಶತಮಾನದ ಹಿಂದಿನ ಒಂದು ಅಧ್ಯಯನ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಜಾನ್ ವುಡನ್ ಅಮೆರಿಕದ ಯುಸಿಎಲ್ಎ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದವರು. 1964ರಿಂದ 1975ರ ನಡುವಿನ ಹನ್ನೆರಡು ಋತುಗಳಲ್ಲಿ ಹತ್ತು ರಾಷ್ಟ್ರೀಯ ಚಾಂಪಿಯನ್‌ಷಿಪ್, ನಡುವೆ ಸತತ 88 ಗೆಲುವು. ಅವರ ಕೊನೆಯ ಋತುವಿನಲ್ಲಿ ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಇಬ್ಬರು ಮನೋವಿಜ್ಞಾನಿಗಳು ಅಭ್ಯಾಸ ನಡೆಯುವ ಜಾಗಕ್ಕೆ ಹೋಗಿ ಕೂತು, ವುಡನ್ ಬಾಯಿಂದ ಬಂದ ಮಾತನ್ನೆಲ್ಲ ವಿಂಗಡಿಸಿ ಬರೆದುಕೊಂಡರು. ಇಬ್ಬರಿಗೂ ಆಟಕ್ಕಿಂತ ತರಗತಿಯ ಮೇಲೆ ಆಸಕ್ತಿ. ಹವಾಯಿಯ ಮೂಲನಿವಾಸಿ ಮಕ್ಕಳಿಗೆ ಓದು ಕಲಿಸುವುದು ಹೇಗೆಂಬ ಚಿಂತೆಯಲ್ಲಿ ಇದ್ದವರು. ಅಷ್ಟು ದೊಡ್ಡ ಕೋಚ್ ಹುರಿದುಂಬಿಸುವ ಭಾಷಣ ಬಿಗಿಯುತ್ತಾರೆ ಎಂದು ನಿರೀಕ್ಷಿಸುವುದು ಸಹಜ. ಸಿಕ್ಕಿದ್ದು ಬೇರೆ. ದಾಖಲಾದ 2,326 ಬೋಧನೆಯ ತುಣುಕುಗಳಲ್ಲಿ ಹೊಗಳಿಕೆ ನೂರಕ್ಕೆ ಏಳರಷ್ಟೂ ಇರಲಿಲ್ಲ. ಅಸಮಾಧಾನದ ಮಾತುಗಳೂ ಹೆಚ್ಚುಕಡಿಮೆ ಅಷ್ಟೇ. ಮುಕ್ಕಾಲು ಪಾಲು ಬರೀ ಮಾಹಿತಿ: ಏನು ಮಾಡಬೇಕು, ಹೇಗೆ ಮಾಡಬೇಕು, ಯಾವಾಗ ಮಾಡಬೇಕು.

ತಪ್ಪು ಕಂಡಾಗ ವುಡನ್ ಅನುಸರಿಸುತ್ತಿದ್ದ ಕ್ರಮವನ್ನೂ ಅವರು ಗುರುತಿಸಿದರು. ಮೊದಲು ಸರಿಯಾದದ್ದನ್ನು ಸ್ವತಃ ಮಾಡಿ ತೋರಿಸುವುದು, ಆಮೇಲೆ ಹುಡುಗ ಮಾಡಿದ್ದು ಹೇಗಿತ್ತೆಂದು ತೋರಿಸುವುದು, ಮತ್ತೆ ಸರಿಯಾದದ್ದನ್ನು ತೋರಿಸುವುದು. ಎಲ್ಲ ಸೇರಿ ಮೂರರಿಂದ ಐದು ಸೆಕೆಂಡ್. ಅಷ್ಟರಲ್ಲಿ ಆಟ ಮುಂದುವರಿದಿರುತ್ತಿತ್ತು. ಐದು ಸೆಕೆಂಡಿನಲ್ಲಿ ಹೇಳಿ ಮುಗಿಸಬೇಕಾದರೆ ಹೇಳಬೇಕಾದದ್ದು ಏನೆಂದು ಮೊದಲೇ ಗೊತ್ತಿರಬೇಕು. ದಿನದ ಅಭ್ಯಾಸಕ್ಕೆ ಎಷ್ಟು ಹೊತ್ತೋ ಹೆಚ್ಚುಕಡಿಮೆ ಅಷ್ಟೇ ಹೊತ್ತನ್ನು ವುಡನ್ ಬೆಳಿಗ್ಗೆ ತಮ್ಮ ಸಹಾಯಕರ ಜೊತೆ ಯೋಜನೆಗೆ ಕಳೆಯುತ್ತಿದ್ದರು. ಯಾವ ನಿಮಿಷಕ್ಕೆ ಏನು ಎಂಬುದು ಚೀಟಿಯ ಮೇಲೆ ಬರೆದಿರುತ್ತಿತ್ತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡಿದ್ದ ಮನುಷ್ಯ ಅವರು. ಹೊಸದಾಗಿ ತಂಡಕ್ಕೆ ಬಂದವರಿಗೆ ಅವರ ಮೊದಲ ಪಾಠ ಕಾಲಿಗೆ ಗುಳ್ಳೆ ಏಳದಂತೆ ಸಾಕ್ಸ್ ಹಾಕಿಕೊಂಡು ಶೂ ಕಟ್ಟುವುದು.

ವುಡನ್ ಸಂತರೇನಲ್ಲ. ಪಂದ್ಯದ ನಡುವೆ ಸುರುಳಿ ಸುತ್ತಿದ ಕಾಗದ ಬಾಯಿಗೆ ಅಡ್ಡ ಹಿಡಿದು ರೆಫರಿಗಳಿಗೂ ಎದುರಾಳಿಗಳಿಗೂ ಚುಚ್ಚುತ್ತಿದ್ದ ಚಾಳಿ ಅವರಿಗಿತ್ತು. ಶಿಸ್ತಿನಲ್ಲಿ ಸಡಿಲಿಕೆಯೂ ಇರಲಿಲ್ಲ. ಆ ಕಾಲದ ದೊಡ್ಡ ತಾರೆ ಬಿಲ್ ವಾಲ್ಟನ್ ಕೂದಲು ಕತ್ತರಿಸುವುದಿಲ್ಲ ಎಂದು ಹಟ ಹಿಡಿದಾಗ, ನಿನ್ನ ನಿಲುವಿಗೆ ಗೌರವವಿದೆ, ಆದರೆ ನೀನಿಲ್ಲದೆ ತಂಡಕ್ಕೆ ಕೊರತೆಯಾಗುತ್ತದೆ ಎಂಬರ್ಥದ ಉತ್ತರ ಕೊಟ್ಟರಂತೆ. ವಾಲ್ಟನ್ ಸೈಕಲ್ ಹತ್ತಿ ಕ್ಷೌರದ ಅಂಗಡಿಗೆ ಓಡಿದರು. ಕಿರುಚದೆಯೂ ನಿಯಮ ನಡೆಸಬಹುದು ಎಂಬುದಕ್ಕೆ ಇಷ್ಟು ಸಾಕು.

ಇದೇ ತಂಡದಲ್ಲಿದ್ದ ಇನ್ನೊಬ್ಬನ ಕಥೆ ನನಗೆ ವಾಲ್ಟನ್ ಕಥೆಗಿಂತ ಮುಖ್ಯ. ಸ್ವೆನ್ ನೇಟರ್ ಆಡುತ್ತಿದ್ದುದೂ ವಾಲ್ಟನ್ ಜಾಗದಲ್ಲೇ. ಹಾಗಾಗಿ ಯುಸಿಎಲ್ಎಯಲ್ಲಿ ಇದ್ದಷ್ಟು ಕಾಲವೂ ಒಂದೇ ಒಂದು ಪಂದ್ಯದಲ್ಲೂ ಮೊದಲ ಐವರಲ್ಲಿ ಅವನಿಗೆ ಸ್ಥಾನ ಸಿಗಲಿಲ್ಲ. ಅಭ್ಯಾಸದಲ್ಲಿ ಮಾತ್ರ ದಿನವೂ ವಾಲ್ಟನ್ ಎದುರು ನಿಲ್ಲುವ ಕೆಲಸ. ಅಂಥ ಆಟಗಾರ 1973ರಲ್ಲಿ ವೃತ್ತಿಪರ ತಂಡಗಳ ಆಯ್ಕೆಯ ಮೊದಲ ಸುತ್ತಿನಲ್ಲೇ ಆರಿಸಲ್ಪಟ್ಟ, ಮರುವರ್ಷ ತನ್ನ ಲೀಗಿನ ಅತ್ಯುತ್ತಮ ಹೊಸ ಆಟಗಾರನೆನಿಸಿದ. ಮುಂದೆ ಗ್ಯಾಲಿಮೋರ್ ಜೊತೆ ಸೇರಿ ವುಡನ್ ಅವರ ಬೋಧನಾ ಕ್ರಮದ ಬಗ್ಗೆ ಪುಸ್ತಕವನ್ನೂ ಬರೆದ. ಬೆಂಚಿನ ಮೇಲೆ ಕೂತವನಿಗೂ ಪಾಠ ತಲುಪುತ್ತಿತ್ತು. ನಮ್ಮ ಶಾಲಾ ತಂಡಗಳಲ್ಲಿ ಹನ್ನೆರಡು ಜರ್ಸಿ ಹೊಲಿಸುತ್ತೇವೆ, ಪಾಠ ಮಾತ್ರ ಆರೇಳು ಮಕ್ಕಳಿಗೆ. ಉಳಿದವರ ಪಾಲಿಗೆ ನೀರಿನ ಬಾಟಲಿ ಹೊರುವ ಕೆಲಸ.

ಬೈಗುಳ ಕೆಲಸಕ್ಕೆ ಬಾರದಿರಲು ಬ್ಯಾಸ್ಕೆಟ್‌ಬಾಲಿನದೇ ಒಂದು ಕಾರಣವಿದೆ. ಇದು ತಪ್ಪುವುದನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡ ಆಟ. ಮೂರು ಅಂಕದ ಹೊಡೆತದಲ್ಲಿ ಜಗತ್ತು ಕಂಡ ಅತ್ಯುತ್ತಮ ಆಟಗಾರ ಸ್ಟೀಫನ್ ಕರಿ ಎನ್ನುವುದರಲ್ಲಿ ಹೆಚ್ಚು ಜಗಳವಿಲ್ಲ. ಆತನ ವೃತ್ತಿಜೀವನದ ಸರಾಸರಿ ನೂರಕ್ಕೆ 42ರ ಆಸುಪಾಸು. ಅಂದರೆ ಎಸೆದ ಚೆಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗೇ ಬೀಳುತ್ತವೆ. ಎದುರಿಗೆ ಯಾರೂ ಅಡ್ಡ ಇಲ್ಲದ ಫ್ರೀ ಥ್ರೋದಲ್ಲಿ ಕೂಡ ನೂರಕ್ಕೆ ಎಂಟೊಂಬತ್ತು ತಪ್ಪುತ್ತವೆ. ಹೀಗಿರುವಾಗ ಏಳನೇ ಕ್ಲಾಸಿನ ಹುಡುಗಿಯ ಹತ್ತು ಎಸೆತಗಳಲ್ಲಿ ಎರಡು ಬಿದ್ದರೆ ಅದು ಒಳ್ಳೆಯ ದಿನ. ಉಳಿದ ಎಂಟಕ್ಕೂ ಬೈಗುಳ ಬಿದ್ದರೆ ಅವಳು ಬೇಗನೆ ಒಂದು ಉಪಾಯ ಕಂಡುಕೊಳ್ಳುತ್ತಾಳೆ. ಎಸೆಯುವುದನ್ನೇ ಬಿಟ್ಟುಬಿಡುತ್ತಾಳೆ. ರಿಂಗಿನ ಕೆಳಗೆ ಖಾಲಿ ಜಾಗದಲ್ಲಿ ಚೆಂಡು ಸಿಕ್ಕರೂ ತಂಡದ ದೊಡ್ಡ ಹುಡುಗಿಯನ್ನು ಹುಡುಕಿ ಅವಳಿಗೇ ಪಾಸ್ ಕೊಡುತ್ತಾಳೆ. ‘ಇವಳಿಗೆ ಧೈರ್ಯವೇ ಇಲ್ಲ’ ಎಂದು ಆಮೇಲೆ ಅದೇ ಕೋಚ್ ಗೊಣಗುತ್ತಾರೆ.

ಇನ್ನೊಂದು ಸಂಗತಿ. ಕ್ರಿಕೆಟ್‌ನಲ್ಲಿ ಔಟಾದವನಿಗೆ ಪೆವಿಲಿಯನ್‌ವರೆಗೆ ನಡೆಯುತ್ತ ತನ್ನ ತಪ್ಪನ್ನು ಯೋಚಿಸಲು ಪುರುಸೊತ್ತಿದೆ. ಇಲ್ಲಿ ಅದಿಲ್ಲ. ಚೆಂಡು ರಿಂಗಿಗೆ ಬಡಿದು ಹೊರಬಿದ್ದ ಕ್ಷಣದಲ್ಲೇ ಎದುರಾಳಿ ರಿಬೌಂಡ್ ಹಿಡಿದು ಓಡಲು ಶುರು ಮಾಡಿರುತ್ತಾನೆ. ಆಗ ಹುಡುಗ ಮಾಡಬೇಕಾದದ್ದು ತಿರುಗಿ ಓಡಿ ಡಿಫೆನ್ಸಿಗೆ ನಿಲ್ಲುವುದು. ಸದಾ ಬೈಸಿಕೊಳ್ಳುವ ತಂಡದ ಮಕ್ಕಳನ್ನು ಗಮನಿಸಿ: ಎಸೆತ ತಪ್ಪಿದ ಕೂಡಲೇ ಅವರ ಕತ್ತು ಬೆಂಚಿನ ಕಡೆ ತಿರುಗುತ್ತದೆ. ಸರ್ ಮುಖ ಹೇಗಿದೆ ಎಂದು ನೋಡಿ ತಿರುಗುವಷ್ಟರಲ್ಲಿ ಆ ಕಡೆ ಲೇಅಪ್, ಅಂದರೆ ರಿಂಗಿನ ಬುಡದಿಂದ ಹಾಕುವ ಬುಟ್ಟಿ, ಆಗಿರುತ್ತದೆ. ಕೋಚ್ ಮತ್ತೆ ಕೂಗುತ್ತಾರೆ, ‘ಯಾಕೋ ವಾಪಸ್ ಓಡಲಿಲ್ಲ?’ ಓಡದಿರಲು ಕಾರಣ ಆ ಕೂಗೇ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1998ರಲ್ಲಿ ಶುರುವಾದ ‘ಪಾಸಿಟಿವ್ ಕೋಚಿಂಗ್ ಅಲೈಯನ್ಸ್’ ಎಂಬ ಸಂಸ್ಥೆ ಮಕ್ಕಳಿಗೆ ಒಂದು ಕೈಸನ್ನೆ ಹೇಳಿಕೊಡುತ್ತದೆ: ತಪ್ಪಾದ ಕೂಡಲೇ ಫ್ಲಶ್ ಎಳೆದಂತೆ ಕೈ ಆಡಿಸಿ ಮುಂದಕ್ಕೆ ಓಡುವುದು. ಮೊದಲು ಕೇಳಿದಾಗ ಮಕ್ಕಳಾಟ ಎನ್ನಿಸಬಹುದು. ಅದರ ಹಿಂದಿನ ಲೆಕ್ಕಾಚಾರ ಮಾತ್ರ ಆಟದ್ದೇ. ಕಳೆದುಹೋದ ಎಸೆತಕ್ಕೆ ಎರಡು ಸೆಕೆಂಡ್ ಕೊಟ್ಟರೆ ಎರಡು ಅಂಕ ಕೊಟ್ಟಂತೆ.

ತಪ್ಪಿಗೆ ‘ಹತ್ತು ರೌಂಡ್ ಓಡು’ ಎಂಬ ಶಿಕ್ಷೆಯ ಬಗ್ಗೆಯೂ ಇಲ್ಲೇ ಒಂದು ಮಾತು. ಬ್ಯಾಸ್ಕೆಟ್‌ಬಾಲ್ ಆಡುವವರು ಓಡಲೇಬೇಕು, ಓಟವನ್ನು ಇಷ್ಟಪಡಬೇಕು. ಅದನ್ನೇ ಶಿಕ್ಷೆಯನ್ನಾಗಿ ಮಾಡಿದರೆ ಮಗು ಕಲಿಯುವುದು ಓಟ ಎಂದರೆ ಅವಮಾನ ಎಂದು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹಲವು ತರಗತಿಗಳಲ್ಲಿ ಬೆತ್ತ ಮರೆಯಾಗಿದೆ. ಆಟದ ಮೈದಾನ ಕೂಡ ಶಾಲೆಯೇ ಎಂಬುದು ಇನ್ನೂ ಎಷ್ಟೋ ಕಡೆ ಯಾರಿಗೂ ಹೊಳೆದಿಲ್ಲ.

ಮಾತಿನ ವಿಷಯ ಬಿಟ್ಟು ಸಾಮಾನಿನ ವಿಷಯಕ್ಕೆ ಬರೋಣ. ರಿಂಗ್ ನೆಲದಿಂದ ಹತ್ತು ಅಡಿ, ಅಂದರೆ 3.05 ಮೀಟರ್ ಎತ್ತರದಲ್ಲಿರಬೇಕೆಂದು ಯಾರು ತೀರ್ಮಾನಿಸಿದರು? ಯಾರೂ ಇಲ್ಲ. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎರಡು ಪೀಚ್ ಬುಟ್ಟಿಗಳನ್ನು ಜಿಮ್ನಾಸಿಯಂ ಬಾಲ್ಕನಿಯ ಅಂಚಿಗೆ ಹೊಡೆಸಿದರು. ಆ ಬಾಲ್ಕನಿ ಹತ್ತು ಅಡಿ ಮೇಲಿತ್ತು. ಕೆಳಗೆ ಆಡುತ್ತಿದ್ದವರು ಬೆಳೆದ ಗಂಡಸರು. ಆ ಕಟ್ಟಡದ ಅಳತೆ ಇವತ್ತಿಗೂ ನಮ್ಮ ಐದನೇ ತರಗತಿಯ ಮಕ್ಕಳ ತಲೆಯ ಮೇಲೆ ತೂಗುತ್ತಿದೆ. ಕೈಗೆ ಕೊಡುವ ಚೆಂಡೋ ಗಂಡಸರ 7ನೇ ಸೈಜು, ಸುಮಾರು 600 ಗ್ರಾಂ ತೂಕದ್ದು. ಹತ್ತು ವರ್ಷದ ಮಗು ಅದನ್ನು ಮೇಲಕ್ಕೆ ಮುಟ್ಟಿಸಬೇಕಾದರೆ ಸೊಂಟದಿಂದ ಎರಡೂ ಕೈ ಸೇರಿಸಿ ಬೀಸಬೇಕು. ಹಾಗೆ ಬೀಸಿ ಬೀಸಿ ಕೈಗೆ ಅದೇ ಅಭ್ಯಾಸವಾಗುತ್ತದೆ. ಹದಿನಾಲ್ಕನೇ ವಯಸ್ಸಿಗೆ ಜಿಲ್ಲಾ ತಂಡದ ಆಯ್ಕೆಗೆ ಹೋದಾಗ ‘ಶೂಟಿಂಗ್ ಫಾರ್ಮ್ ಸರಿಯಿಲ್ಲ’ ಎಂದು ಹೊರಗಿಡುತ್ತಾರೆ. ಮಗುವಿನ ತಪ್ಪೇನು?

ಇದಕ್ಕೆ ಪರಿಹಾರ ಹುಡುಕಿ ಮುಕ್ಕಾಲು ಶತಮಾನವೇ ಆಯಿತು. 1950ರ ಸುಮಾರಿಗೆ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ನಲ್ಲಿ ಜೇ ಆರ್ಚರ್ ಎಂಬವರು ಮಕ್ಕಳಿಗೆಂದೇ ರಿಂಗ್ ಇಳಿಸಿ, ಚೆಂಡು ಚಿಕ್ಕದು ಮಾಡಿ ಆಡಿಸಿದರು. ಅದೇ ಮುಂದೆ ಮಿನಿ ಬ್ಯಾಸ್ಕೆಟ್‌ಬಾಲ್ ಆಯಿತು. ಅಂತರರಾಷ್ಟ್ರೀಯ ಒಕ್ಕೂಟ ಫೀಬಾ ಅದನ್ನು ಒಪ್ಪಿ ನಿಯಮ ರೂಪಿಸಿದೆ. ಹನ್ನೆರಡರೊಳಗಿನವರಿಗೆ ರಿಂಗ್ 2.60 ಮೀಟರ್ ಎತ್ತರದಲ್ಲಿ, ಚೆಂಡು 5ನೇ ಸೈಜಿನದು, ಅರ್ಧ ಕೆ.ಜಿ.ಗಿಂತ ಹಗುರ. 5ನೇ ಸೈಜಿನ ರಬ್ಬರ್ ಚೆಂಡು ನಮ್ಮ ಊರಿನ ಆಟದ ಸಾಮಾನಿನ ಅಂಗಡಿಗಳಲ್ಲೂ ಸಿಗುತ್ತದೆ. ರಿಂಗ್ ಇಳಿಸುವುದಕ್ಕೆ ಒಬ್ಬ ವೆಲ್ಡರ್ ಸಾಕು. ಮಕ್ಕಳ ಆತ್ಮವಿಶ್ವಾಸದ ಬಗ್ಗೆ ಒಂದು ಗಂಟೆ ಭಾಷಣ ಮಾಡುವ ಕೋಚ್‌ಗಿಂತ ಬಾಯಿ ಬಿಡದೆ ರಿಂಗನ್ನು ಒಂದೂವರೆ ಅಡಿ ಕೆಳಗಿಳಿಸುವ ಕೋಚ್ ನನ್ನ ಲೆಕ್ಕದಲ್ಲಿ ಹೆಚ್ಚು ಸಕಾರಾತ್ಮಕ.

ಅಭ್ಯಾಸ ನಡೆಸುವ ರೀತಿಯಲ್ಲೂ ಇದೇ ಮಾತು. ಬೆಳಿಗ್ಗೆ ಆರೂವರೆಗೆ ಮೈದಾನಕ್ಕೆ ಬಂದ ಇಪ್ಪತ್ತು ಮಕ್ಕಳನ್ನು ಲೇಅಪ್‌ಗೆಂದು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದು ಚೆಂಡು ಕೊಟ್ಟರೆ ಪ್ರತಿ ಮಗುವಿಗೂ ಕೆಲವು ನಿಮಿಷಕ್ಕೊಮ್ಮೆ ಒಂದು ಸರದಿ. ಉಳಿದ ಹೊತ್ತು ನಿಲ್ಲುವುದು, ತಳ್ಳಾಡುವುದು, ಅದಕ್ಕೆ ಬೈಸಿಕೊಳ್ಳುವುದು. ಅದೇ ಮಕ್ಕಳನ್ನು ಅರ್ಧ ಅಂಕಣದಲ್ಲಿ ಮೂವರ ವಿರುದ್ಧ ಮೂವರಂತೆ ಆಡಿಸಿದರೆ ಯಾರೂ ಅಡಗಿಕೊಳ್ಳಲಾಗದು, ಎಲ್ಲರ ಕೈಗೂ ಚೆಂಡು ಬರುತ್ತದೆ. ಹೀಗೆ ಆಡುವ 3x3 ಆಟ ಟೋಕಿಯೋದಿಂದ ಒಲಿಂಪಿಕ್ಸ್‌ನಲ್ಲೂ ಇದೆ. ಅದರ ನಿಯಮಗಳಲ್ಲಿ ನನಗೆ ಬಹಳ ಇಷ್ಟವಾದದ್ದೆಂದರೆ, ಟೋಕಿಯೋದಲ್ಲಿ ಪಂದ್ಯದ ವೇಳೆ ಅಂಕಣದ ಪಕ್ಕ ಕೋಚ್‌ಗೆ ಜಾಗವೇ ಇರಲಿಲ್ಲ. ಆಟಗಾರರೇ ಮಾತಾಡಿಕೊಳ್ಳಬೇಕಿತ್ತು, ಬದಲಿ ಆಟಗಾರನನ್ನು ಯಾವಾಗ ಇಳಿಸಬೇಕೆಂದು ತಾವೇ ತೀರ್ಮಾನಿಸಬೇಕಿತ್ತು. ಒಲಿಂಪಿಕ್ ಪದಕವನ್ನೇ ಕೋಚ್‌ನ ಕೂಗಿಲ್ಲದೆ ಗೆಲ್ಲಬಹುದಾದರೆ ಹೋಬಳಿ ಮಟ್ಟದ ಕ್ವಾರ್ಟರ್ ಫೈನಲನ್ನು ಗೆಲ್ಲಲಾಗದೇ? ಅಂದಹಾಗೆ ಬ್ಯಾಸ್ಕೆಟ್‌ಬಾಲನ್ನು ಸೃಷ್ಟಿಸಿದ ನೈಸ್ಮಿತ್ ಕೂಡ ಕೋಚ್‌ಗಿರಿಯನ್ನು ಅಷ್ಟಾಗಿ ನಂಬಿದವರಲ್ಲ. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ 1898ರಿಂದ 1907ರವರೆಗೆ ತಂಡ ನಡೆಸಿ 55 ಗೆದ್ದು 60 ಸೋತರು. ಆ ವಿಶ್ವವಿದ್ಯಾಲಯದ ಕೋಚ್‌ಗಳ ಪೈಕಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾಗಿರುವುದು ಅವರೊಬ್ಬರದೇ.

ಈಗ ಎದುರು ವಾದಕ್ಕೆ ಬರಬೇಕು, ಅದು ಗಟ್ಟಿ ವಾದವೇ. ಬಾಬ್ ನೈಟ್ ಹೆಸರು ಕೇಳದ ಬ್ಯಾಸ್ಕೆಟ್‌ಬಾಲ್ ಕೋಚ್ ಇಲ್ಲ. ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ 1976, 1981, 1987ರಲ್ಲಿ ಮೂರು ಚಾಂಪಿಯನ್‌ಷಿಪ್ ಗೆದ್ದುಕೊಟ್ಟವರು. 1976ರ ಅವರ ತಂಡ ಒಂದೂ ಪಂದ್ಯ ಸೋಲಲಿಲ್ಲ. 1984ರ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನ ತಂದರು. ಅದೇ ಮನುಷ್ಯ 1985ರಲ್ಲಿ ಪಂದ್ಯದ ನಡುವೆ ಸಿಟ್ಟಿಗೆದ್ದು ಅಂಕಣದೊಳಕ್ಕೆ ಕುರ್ಚಿ ಎಸೆದರು. ಆಟಗಾರರ ಮೇಲೆ ಅವರು ಹರಿಹಾಯುತ್ತಿದ್ದ ರೀತಿ ಅಮೆರಿಕದಾದ್ಯಂತ ಕುಪ್ರಸಿದ್ಧ. ಕೊನೆಗೆ 2000ದಲ್ಲಿ ವಿಶ್ವವಿದ್ಯಾಲಯ ಅವರನ್ನು ಹೊರಹಾಕಿತು. ಆದರೂ ಅವರ ಕೈಕೆಳಗೆ ಆಡಿದ ಎಷ್ಟೋ ಮಂದಿ ಇವತ್ತಿಗೂ ಅವರನ್ನು ಗುರುವೆಂದು ಗೌರವದಿಂದ ನೆನೆಯುತ್ತಾರೆ. ‘ನೋಡಿ, ಬೈದರೂ ಗೆದ್ದರಲ್ಲ’ ಎಂದರೆ ಏನು ಹೇಳುವುದು?

ಗೆದ್ದರು ಎಂಬುದನ್ನು ಒಪ್ಪುತ್ತೇನೆ. ಆದರೆ ಅವರು ಪಡೆದ ಆಟಗಾರರು ಯಾರು ಎಂದೂ ಕೇಳಬೇಕು. ಸಾವಿರಾರು ಹೈಸ್ಕೂಲುಗಳಿಂದ ಸೋಸಿ ಬಂದ, ಹದಿನೆಂಟು ದಾಟಿದ, ವಿದ್ಯಾರ್ಥಿವೇತನ ಪಡೆದ, ತಾವಾಗಿಯೇ ಆ ಕೋಚ್ ಬೇಕೆಂದು ಬಂದ ಯುವಕರು. ಅಲ್ಲಿ ತಡೆಯಲಾಗದೆ ಒಬ್ಬ ಬಿಟ್ಟುಹೋದರೆ ಅವನ ಜಾಗಕ್ಕೆ ಇನ್ನೊಬ್ಬ ಸಿದ್ಧನಿದ್ದ. ತುಮಕೂರಿನದೋ ದಾವಣಗೆರೆಯದೋ ಶಾಲೆಯಲ್ಲಿ ಆ ಅನುಕೂಲ ಇಲ್ಲ. ಇಲ್ಲಿ ಹದಿನೈದು ಮಕ್ಕಳು ಆಟಕ್ಕೆ ಬಂದದ್ದೇ ಹೆಚ್ಚು. ಆರು ಮಂದಿ ಬಿಟ್ಟರೆ ಎರಡು ತಂಡ ಮಾಡಿ ಅಭ್ಯಾಸ ಮಾಡಿಸಲಿಕ್ಕೂ ಆಗುವುದಿಲ್ಲ. ಗೆದ್ದವರು ಮಾತ್ರ ಮುಂದೆ ಬಂದು ‘ನಮ್ಮ ಸರ್ ಹೊಡೆದದ್ದರಿಂದಲೇ ನಾವು ಈ ಮಟ್ಟಕ್ಕೆ ಬಂದೆವು’ ಎನ್ನುತ್ತಾರೆ, ಅವರ ಮಾತು ಪತ್ರಿಕೆಯಲ್ಲಿ ಬರುತ್ತದೆ. ಅದೇ ಸರ್ ಹೊಡೆದದ್ದರಿಂದ ಆಟ ಬಿಟ್ಟ ಹುಡುಗನನ್ನು ಸಂದರ್ಶಿಸಲು ಯಾವ ವರದಿಗಾರನೂ ಹೋಗುವುದಿಲ್ಲ.

ಆ ಬಿಟ್ಟುಹೋದವರನ್ನು ಲೆಕ್ಕಕ್ಕೆ ತೆಗೆದುಕೊಂಡ ಸಂಶೋಧಕರಿದ್ದಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರ್ಯಾಂಕ್ ಸ್ಮಾಲ್ 1970ರ ದಶಕದಲ್ಲಿ ಮಕ್ಕಳ ಬೇಸ್‌ಬಾಲ್ ತಂಡಗಳ ಐವತ್ತಕ್ಕೂ ಹೆಚ್ಚು ಕೋಚ್‌ಗಳನ್ನು ಪಂದ್ಯದಿಂದ ಪಂದ್ಯಕ್ಕೆ ಗಮನಿಸಿದರು. ಆಟ ಬೇರೆ, ಆದರೆ ವಯಸ್ಸು ಇದೇ, ಕೋಚ್‌ಗಳ ಸ್ವಭಾವವೂ ಇದೇ. ಅವರ ಒಂದು ಶೋಧ ನನ್ನನ್ನು ಬಹಳ ಯೋಚನೆಗೆ ಹಚ್ಚಿತು: ತಾವು ಎಷ್ಟು ಪ್ರೋತ್ಸಾಹಿಸುತ್ತೇವೆ, ಎಷ್ಟು ತಿದ್ದುತ್ತೇವೆ ಎಂದು ಕೋಚ್‌ಗಳು ಕೊಟ್ಟ ಅಂದಾಜಿಗಿಂತ ಮಕ್ಕಳು ಕೊಟ್ಟ ಅಂದಾಜೇ ವಾಸ್ತವಕ್ಕೆ ಹತ್ತಿರವಾಗಿತ್ತು. ಕೋಚ್‌ಗೆ ತನ್ನ ಬಾಯಿ ಕೇಳಿಸುವುದಿಲ್ಲ. ಮಕ್ಕಳಿಗೆ ಕೇಳಿಸುತ್ತದೆ.

ಆಮೇಲೆ ಅವರು ಕೆಲವು ಕೋಚ್‌ಗಳಿಗೆ ಎರಡು–ಎರಡೂವರೆ ಗಂಟೆಯ ತರಬೇತಿ ಕೊಟ್ಟರು. ಒಳ್ಳೆಯ ಪ್ರಯತ್ನವನ್ನು ಆಗಲೇ ಗುರುತಿಸಿ, ತಪ್ಪಿಗೆ ಸಮಾಧಾನದ ಜೊತೆ ತಿದ್ದುಪಡಿ ಕೊಡಿ, ಶಿಕ್ಷೆ ಬೇಡ, ಇಷ್ಟೇ ಅದರ ತಿರುಳು. 1979ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ತರಬೇತಾದ ಕೋಚ್‌ಗಳ ತಂಡಗಳು ಹೆಚ್ಚು ಪಂದ್ಯ ಗೆಲ್ಲಲಿಲ್ಲ. ಸೋಲು-ಗೆಲುವಿನ ಪಟ್ಟಿಯಲ್ಲಿ ವ್ಯತ್ಯಾಸ ಇರಲಿಲ್ಲ. ಆದರೆ ಮಕ್ಕಳಿಗೆ ಕೋಚ್ ಹೆಚ್ಚು ಇಷ್ಟವಾಗಿದ್ದರು, ಸಂಗಾತಿಗಳೂ ಹೆಚ್ಚು ಇಷ್ಟವಾಗಿದ್ದರು. ತಮ್ಮ ಬಗ್ಗೆ ತಮಗೇ ಕೀಳು ಭಾವನೆಯಿದ್ದ ಮಕ್ಕಳಲ್ಲಿ ಈ ಬದಲಾವಣೆ ಎದ್ದು ಕಾಣುತ್ತಿತ್ತು. 1992ರ ಇನ್ನೊಂದು ಸಣ್ಣ ಅಧ್ಯಯನದಲ್ಲಿ ಮರುವರ್ಷ ಯಾರು ವಾಪಸ್ ಬಂದರು ಎಂದು ನೋಡಿದರು. ತರಬೇತಿಯಿಲ್ಲದ ಕೋಚ್‌ಗಳ ತಂಡಗಳಲ್ಲಿ ನೂರಕ್ಕೆ 26 ಮಕ್ಕಳು ಬಿಟ್ಟುಹೋಗಿದ್ದರು. ತರಬೇತಾದವರ ತಂಡಗಳಲ್ಲಿ ನೂರಕ್ಕೆ 5.

ಸಕಾರಾತ್ಮಕವಾಗಿ ಕಲಿಸಿದರೆ ಕಪ್ ಗ್ಯಾರಂಟಿ ಎಂದು ಮಾರಾಟ ಮಾಡುವವರನ್ನು ನಂಬಬೇಡಿ. ಆ ಮಾತಿಗೆ ಆಧಾರವಿಲ್ಲ. ಅದು ಕೊಡುವುದು ಬೇರೆ ವಸ್ತು: ಮುಂದಿನ ಜೂನ್‌ನಲ್ಲಿ ಮಗು ಮತ್ತೆ ಶೂ ಕಟ್ಟಿಕೊಂಡು ಬರುತ್ತದೆ. ಹನ್ನೆರಡರಲ್ಲಿ ಕುಳ್ಳಗಿದ್ದವನು ಹದಿನಾರಕ್ಕೆ ಆರಡಿ ಆಗಬಹುದು. ಆಗ ಅವನು ಇನ್ನೂ ಆಟದಲ್ಲಿ ಇದ್ದರೆ ತಾನೆ ಅದರಿಂದ ಲಾಭ?

ನಮ್ಮಲ್ಲಿ ಮಕ್ಕಳು ಆಟ ಬಿಡುವುದಕ್ಕೆ ಕೋಚ್ ಒಬ್ಬರೇ ಕಾರಣರಲ್ಲ ಎಂಬುದನ್ನೂ ಹೇಳಬೇಕು. ಒಂಬತ್ತನೇ ತರಗತಿ ಮುಗಿಯುತ್ತಿದ್ದಂತೆ ಎಸ್ಸೆಸ್ಸೆಲ್ಸಿ ಟ್ಯೂಷನ್ ಮೈದಾನವನ್ನು ಖಾಲಿ ಮಾಡಿಸುತ್ತದೆ. ಹೆಣ್ಣುಮಕ್ಕಳು ಅದಕ್ಕೂ ಮೊದಲೇ ಮರೆಯಾಗುತ್ತಾರೆ. ಬಟ್ಟೆ ಬದಲಿಸಲು ಜಾಗವಿಲ್ಲ, ತೋಳಿಲ್ಲದ ಜರ್ಸಿಗೆ ಮನೆಯಲ್ಲಿ ಒಪ್ಪುವುದಿಲ್ಲ, ತಿಂಗಳ ಆ ದಿನಗಳಲ್ಲಿ ಓಡಲಾಗದು ಎಂದು ಗಂಡಸು ಕೋಚ್ ಬಳಿ ಹೇಳುವಂತಿಲ್ಲ. ಹೇಳದೆ ಓಟ ತಪ್ಪಿಸಿಕೊಂಡರೆ ಸೋಮಾರಿ ಎಂಬ ಪಟ್ಟ. ಕೋಚ್ ಬಗ್ಗೆ ಹೆದರಿಕೆ ಇರುವ ತಂಡದಲ್ಲಿ ಹುಡುಗಿ ಇದನ್ನೂ ಹೇಳುವುದಿಲ್ಲ, ಇದಕ್ಕಿಂತ ಗಂಭೀರವಾದದ್ದು ನಡೆದರೂ ಹೇಳುವುದಿಲ್ಲ. ಎರಡನೆಯದು ಹೆಚ್ಚು ಭಯಾನಕ. ಜರ್ಸಿಯೊಳಗೆ ಟೀಶರ್ಟ್, ಚಡ್ಡಿಯೊಳಗೆ ಲೆಗಿಂಗ್ಸ್ ಹಾಕಿಕೊಳ್ಳಲಿ ಎನ್ನಲು ಕೋಚ್‌ಗೆ ಏನೂ ಖರ್ಚಿಲ್ಲ. ತಲೆವಸ್ತ್ರದ ಮೇಲಿದ್ದ ನಿಷೇಧವನ್ನು ಫೀಬಾವೇ 2017ರಲ್ಲಿ ತೆಗೆದುಹಾಕಿದೆ.

ದೈಹಿಕ ಶಿಕ್ಷಕರ ಪಾಡನ್ನೂ ಮರೆಯುವಂತಿಲ್ಲ. ಒಬ್ಬರೇ ಕಬಡ್ಡಿಗೆ, ಖೋಖೋಗೆ, ಥ್ರೋಬಾಲ್‌ಗೆ, ಬ್ಯಾಸ್ಕೆಟ್‌ಬಾಲ್‌ಗೆ. ಜೊತೆಗೆ ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಆಗಸ್ಟ್ 15ರ ಪಥಸಂಚಲನ, ಚುನಾವಣೆ ಬಂದರೆ ಅದರ ಕೆಲಸ. ಅವರ ಕೆಲಸವನ್ನು ಮುಖ್ಯೋಪಾಧ್ಯಾಯರು ಅಳೆಯುವುದು ಕೊಠಡಿಯ ಕಪಾಟಿನಲ್ಲಿ ಎಷ್ಟು ಟ್ರೋಫಿ ಇದೆ ಎಂಬುದರಿಂದ. ಪಂದ್ಯಾವಳಿಯ ಸ್ವರೂಪವೂ ಅವರ ವಿರುದ್ಧವೇ ಇದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಏರುವ ಶಾಲಾ ಕ್ರೀಡಾಕೂಟಗಳಲ್ಲಿ ಸಾಮಾನ್ಯವಾಗಿ ನಾಕೌಟ್ ಪದ್ಧತಿ. ಹದಿನಾರು ತಂಡ ಬಂದರೆ ಎಂಟು ತಂಡ ಒಂದೇ ಪಂದ್ಯ ಆಡಿ ಮನೆಗೆ. ವರ್ಷಪೂರ್ತಿ ಅಭ್ಯಾಸ ಮಾಡಿ ಒಂದು ಪಂದ್ಯ ಸಿಕ್ಕಾಗ ಹನ್ನೆರಡನೇ ಆಟಗಾರನನ್ನು ಇಳಿಸುವ ಧೈರ್ಯ ಯಾವ ಮೇಷ್ಟ್ರಿಗೆ ಇರುತ್ತದೆ? ಅವರು ಕಿರುಚುವುದರ ಹಿಂದೆ ಈ ಭಯವೂ ಇದೆ. ಅನೇಕ ದೇಶಗಳ ಮಿನಿ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ತಂಡದ ಪ್ರತಿ ಮಗುವನ್ನೂ ಆಡಿಸಲೇಬೇಕೆಂಬ ನಿಯಮವಿದೆ. ನಿಯಮವೇ ಇದ್ದರೆ ಎಲ್ಲ ಕೋಚ್‌ಗಳಿಗೂ ಅದು ಒಂದೇ ಕಟ್ಟಳೆ, ಯಾರೊಬ್ಬರೂ ಒಳ್ಳೆಯತನಕ್ಕೆ ದಂಡ ತೆರಬೇಕಿಲ್ಲ. 14ರ ಒಳಗಿನವರ ಕೂಟದಲ್ಲಿ ಗುಂಪು ಹಂತದ ಲೀಗ್ ಆಡಿಸಿ, ಪ್ರತಿ ಮಗುವಿಗೂ ಒಂದು ಕ್ವಾರ್ಟರ್ ಕಡ್ಡಾಯ ಮಾಡುವುದು ಶಿಕ್ಷಣ ಇಲಾಖೆಯ ಒಂದು ಸುತ್ತೋಲೆಯಿಂದ ಆಗುವ ಕೆಲಸ. ಪಂದ್ಯದ ಅವಧಿ ಕಡಿಮೆ ಮಾಡಿದರೆ ಹೆಚ್ಚುವರಿ ದಿನವೂ ಬೇಕಾಗುವುದಿಲ್ಲ.

ಇನ್ನು ಪೋಷಕರು. ಬೆಂಗಳೂರು, ಮೈಸೂರಿನ ಕ್ಲಬ್ ಅಂಕಣಗಳ ಸುತ್ತ ಸಂಜೆ ಹೊತ್ತು ನಿಲ್ಲುವ ಅಪ್ಪಂದಿರು ಎರಡನೇ ಕೋಚ್‌ಗಳೇ. ‘ಶೂಟ್ ಮಾಡೋ, ಪಾಸ್ ಯಾಕೆ ಕೊಡ್ತೀಯ’ ಎಂದು ಅವರು ಕೂಗಿದರೆ ಕೋಚ್ ಹೇಳಿಕೊಟ್ಟದ್ದು ಆ ಕ್ಷಣಕ್ಕೆ ರದ್ದಾಗುತ್ತದೆ. ಕಾರಿನಲ್ಲಿ ಮನೆಗೆ ಹೋಗುವ ದಾರಿಯಲ್ಲಿ ಪಂದ್ಯದ ವಿಮರ್ಶೆಯೂ ಆಗುತ್ತದೆ. ಅವರನ್ನು ಹೆಚ್ಚು ದೂರುವುದಿಲ್ಲ. ಮಗುವಿಗಾಗಿ ಸಂಜೆ ಬಿಟ್ಟುಕೊಟ್ಟು ಬಂದವರು ಅವರು. ಆ ಕಾಳಜಿಯನ್ನು ಬೇರೆ ಕಡೆ ಉಪಯೋಗಿಸಬಹುದು ಎಂದಷ್ಟೇ ನನ್ನ ಮಾತು.

ಮಗನನ್ನೋ ಮಗಳನ್ನೋ ಯಾವುದಾದರೂ ಕ್ಲಬ್ಬಿಗೆ, ಶಿಬಿರಕ್ಕೆ ಸೇರಿಸಲು ಹೋದಾಗ ಗೋಡೆಯ ಮೇಲಿನ ಕಪ್‌ಗಳ ಫೋಟೋ ನೋಡುವ ಬದಲು ಕೋಚ್‌ಗೆ ಎರಡು ಪ್ರಶ್ನೆ ಕೇಳಿ: ಕಳೆದ ವರ್ಷ ನಿಮ್ಮಲ್ಲಿ ಆಡುತ್ತಿದ್ದ ಮಕ್ಕಳಲ್ಲಿ ಈ ವರ್ಷ ಎಷ್ಟು ಮಂದಿ ಉಳಿದಿದ್ದಾರೆ? ಕಳೆದ ಪಂದ್ಯದಲ್ಲಿ ಎಷ್ಟು ಮಂದಿ ಅಂಕಣಕ್ಕೆ ಇಳಿದರು? ತಡವರಿಸದೆ ಉತ್ತರ ಕೊಡುವ ಕೋಚ್ ಸಿಕ್ಕಿದರೆ, ಅವರು ಒಂದೂ ಕಪ್ ಗೆದ್ದಿಲ್ಲದಿದ್ದರೂ ಅಲ್ಲೇ ಶುಲ್ಕ ಕಟ್ಟಿ.